ಎ.ಸಿ. ತರುವ ಮೊದಲು ಟೆರೇಸ್ ಹತ್ತಿ

ಕೇಳುಗರಿಗೆ ನಮಸ್ಕಾರ.

ಬಡವರ ಊಟಿ ಅಂತ ಹೆಸರಾದ ಊರು ನಮ್ಮ ಹಾಸನ. ಈಗ ಏಪ್ರಿಲ್ ಬಂತೆಂದರೆ ಬಿ.ಎಂ. ರಸ್ತೆಯ ಬಟ್ಟೆ ಅಂಗಡಿ, ಬ್ಯಾಂಕು, ಮೊಬೈಲ್ ಅಂಗಡಿ, ಎಲ್ಲಿ ಹೋದರೂ ಎ.ಸಿ. ಸದ್ದು. ಹಾಕಿಸಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಸೆಕೆ ಯಾವ ದಾರಿಯಲ್ಲಿ ಒಳಗೆ ಬರುತ್ತಿದೆ ಅಂತ ಮೊದಲು ನೋಡಬೇಕು, ಅಲ್ವಾ?

ನಮ್ಮಲ್ಲಿ ಅದು ಬರುವುದು ಮುಖ್ಯವಾಗಿ ಮೇಲಿನಿಂದ. ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನ 12.25ರ ಹೊತ್ತಿಗೆ ಹಾಸನದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗಸ್ಟ್‌ನಲ್ಲೂ ಹೀಗಾಗುತ್ತದೆ, ಆದರೆ ಆಗ ಮೋಡ ಕಾಯುತ್ತದೆ. ಬೇಸಿಗೆಯಲ್ಲಿ ದಕ್ಷಿಣದ ಗೋಡೆಗೆ ಬಿಸಿಲು ತೀರಾ ಕಡಿಮೆ. ಪೆಟ್ಟು ತಿನ್ನುವುದು ಟೆರೇಸು, ಆಮೇಲೆ ಪಶ್ಚಿಮದ ಗೋಡೆ.

ಸಂಜೆ ಏಳಕ್ಕೆ ಮೇಲಿನ ಮಹಡಿಯಲ್ಲಿ ಸ್ಟೂಲ್ ಹತ್ತಿ ಮೋಲ್ಡಿನ ಅಡಿಗೆ ಅಂಗೈ ಇಟ್ಟು ನೋಡಿ. ಹೊರಗೆ ಗಾಳಿ ತಣ್ಣಗಾಗಿರುತ್ತದೆ, ಅದು ಮಾತ್ರ ಬೆಚ್ಚಗೇ ಇರುತ್ತದೆ. ಹಗಲೆಲ್ಲ ಹೀರಿದ ಬಿಸಿಯನ್ನು ಕಾಂಕ್ರೀಟು ಈಗ ನಿಧಾನವಾಗಿ ಒಳಗೆ ಬಿಡುತ್ತಿರುತ್ತದೆ. ವ್ಯಾಪಾರ ಜೋರಾಗಿರುವುದೂ ಅದೇ ಹೊತ್ತಿಗೆ.

ಇದಕ್ಕೆ ಅಗ್ಗದ ಮದ್ದು ಸುಣ್ಣ. ಟೆರೇಸ್ ಚೆನ್ನಾಗಿ ಉಜ್ಜಿ ತೊಳೆದು, ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಕೋಟ್ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ಆಕಾಶಕ್ಕೇ ವಾಪಸ್ ಕಳಿಸುತ್ತದೆ. ಶಿವರಾತ್ರಿ ಹೊತ್ತಿಗೆ ಈ ಕೆಲಸ ಮುಗಿದಿರಬೇಕು. ಮಳೆಗಾಲದಲ್ಲಿ ಸುಣ್ಣ ತೊಳೆದುಹೋಗುತ್ತದೆ, ಪಾಚಿ ಕಟ್ಟುತ್ತದೆ. ಪ್ರತಿ ವರ್ಷ ಯಾರು ಮಾಡುತ್ತಾರೆ ಅನ್ನುವವರು ಟೆರೇಸಿಗೆಂದೇ ಬರುವ ಬಿಳಿ ಪೇಂಟ್ ಹೊಡೆಸಬಹುದು. ಸೋಲಾರ್ ಪ್ಯಾನೆಲ್ ಹಾಕಿಸುವ ಯೋಚನೆ ಇದ್ದರೆ ಇನ್ನೂ ಒಳ್ಳೆಯದು. ಕರೆಂಟೂ ಬರುತ್ತದೆ, ಟೆರೇಸಿಗೆ ನೆರಳೂ ಆಗುತ್ತದೆ. ಶೀಟ್ ಹೊದಿಸಿದ ಗೋಡೌನಾದರೆ ಗಾಳಿಗೆ ತಿರುಗುವ ವೆಂಟಿಲೇಟರ್ ಕೂರಿಸಿ, ಅದಕ್ಕೆ ಕರೆಂಟೇ ಬೇಡ.

ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಗೆ ನೆಲದಿಂದ ಮೇಲಿನವರೆಗೆ ಗಾಜು ಹಾಕಿಸುವುದು, ಆಮೇಲೆ ಒಳಗಡೆ ಪರದೆ ಎಳೆಯುವುದು. ಈ ಶೋಕಿ ನನಗಂತೂ ಅರ್ಥವಾಗಿಲ್ಲ. ಬಿಸಿಲು ಗಾಜು ದಾಟಿ ಬಂದ ಮೇಲೆ ಪರದೆ ಎಳೆದು ಎಷ್ಟು ಉಪಯೋಗ? ಹೊರಗಡೆಯೇ ತಡೆಯಬೇಕು. ಬಿದಿರಿನ ತಟ್ಟಿ ಆಗುತ್ತದೆ. ನಮ್ಮ ರೈತರು ನರ್ಸರಿಗೆ ಕಟ್ಟುವ ಹಸಿರು ಶೇಡ್ ನೆಟ್ ಕೂಡ ಆಗುತ್ತದೆ. ಗಾಜಿನಿಂದ ಒಂದಡಿ ದೂರ ಬಿಟ್ಟು ಕಟ್ಟಿ, ನಡುವೆ ಗಾಳಿ ಆಡಲಿ.

ಇನ್ನು ಬಿಲ್ಲು. ವಾಣಿಜ್ಯ ಮೀಟರಿಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಇದೆಯೋ ಅದರ ಮೇಲೆ ನಮಗೆ ಕರೆಂಟ್ ಕೊಡುವ ಕಂಪನಿ ಸೆಸ್ಕ್‌ನವರು ಪ್ರತಿ ತಿಂಗಳೂ ನಿಗದಿತ ಶುಲ್ಕ ಹಾಕುತ್ತಾರೆ. ಒಂದೂವರೆ ಟನ್ನಿನ ಎ.ಸಿ. ಹೆಚ್ಚುಕಡಿಮೆ ಒಂದೂವರೆ ಕಿಲೋವ್ಯಾಟ್ ಕೇಳುತ್ತದೆ. ಅಂಥವು ನಾಲ್ಕು ಬಂದರೆ ಲೋಡ್ ಏರಿಸಲೇಬೇಕು. ನಾವು ಓಡಿಸುವುದು ಮೂರು ತಿಂಗಳು, ಶುಲ್ಕ ಕಟ್ಟುವುದು ಹನ್ನೆರಡು ತಿಂಗಳು. ಆಷಾಢದ ಜಡಿಮಳೆಯಲ್ಲೂ ಬೇಸಿಗೆಯ ಬಾಕಿ ತೀರಿಸಿದ ಹಾಗೆ. ನಾಲ್ಕರ ಬದಲು ಎರಡು ಸಾಕಾಗುವಂತೆ ಮಾಡಿಕೊಳ್ಳುವುದೇ ಜಾಣತನ.

ಇರುವ ಎ.ಸಿ.ಯನ್ನು 18ಕ್ಕೆ ಇಡಬೇಡಿ. ಅದರಿಂದ ಬೇಗ ತಂಪಾಗುವುದಿಲ್ಲ, ಸುಮ್ನೆ ಜಾಸ್ತಿ ಹೊತ್ತು ಓಡುತ್ತದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ಕರೆಂಟ್ ಉಳಿಯುತ್ತದೆ ಅನ್ನುತ್ತದೆ ಕರೆಂಟ್ ಉಳಿತಾಯದ ವಿಷಯ ನೋಡಿಕೊಳ್ಳುವ ಕೇಂದ್ರದ ಬಿಇಇ ಸಂಸ್ಥೆ. 2020ರಿಂದ ಹೊಸ ಎ.ಸಿ.ಗಳು ಅಂಗಡಿಗೆ ಬರುವಾಗಲೇ 24ಕ್ಕೆ ಹೊಂದಿಸಿ ಬರುತ್ತವೆ. 26ಕ್ಕೆ ಇಟ್ಟು ಫ್ಯಾನ್ ಹಾಕಿ, ಗಿರಾಕಿಗಳು ಗೊಣಗುವುದಿಲ್ಲ. ಸೀಸನ್ನಿನಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಹೊರಗಿನ ಯೂನಿಟ್ಟಿನ ಮುಂದೆ ಖಾಲಿ ರಟ್ಟಿನ ಡಬ್ಬ ಪೇರಿಸಬೇಡಿ. ಅದು ಬಿಸಿಗಾಳಿ ಉಗುಳಲು ಜಾಗ ಬೇಕು.

ಎಲ್ಲಕ್ಕಿಂತ ದೊಡ್ಡ ಅನುಕೂಲ ನಮಗೆ ಪುಕ್ಕಟೆ ಸಿಕ್ಕಿದೆ. ನಮ್ಮ ಊರು 900 ಮೀಟರಿಗಿಂತ ಎತ್ತರದಲ್ಲಿದೆ. ಹಗಲು ಎಷ್ಟೇ ಕಾದರೂ ರಾತ್ರಿ 20 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಆದರೆ ನಾವು ರಾತ್ರಿ ಒಂಬತ್ತಕ್ಕೆ ಷಟರ್ ಎಳೆದು ಹಗಲಿನ ಸೆಕೆಯನ್ನು ಬೆಳಗಿನವರೆಗೆ ಒಳಗೇ ಕೂಡಿಹಾಕುತ್ತೇವೆ. ಕಿಟಕಿ ತೆರೆದಿಡಿ ಅಂದರೆ ಕಳ್ಳರ ಭಯ, ಇಲಿ ಕಾಟ, ನಿಜವೇ. ಹಿಂದಿನ ಗೋಡೆಯಲ್ಲಿ ಮೇಲಕ್ಕೆ ಒಂದು ಎಕ್ಸಾಸ್ಟ್ ಫ್ಯಾನ್, ಮುಂದೆ ಕೆಳಗೆ ಗ್ರಿಲ್ಲು, ಜಾಲರಿ ಹಾಕಿದ ಒಂದು ಕಿಂಡಿ, ಇಷ್ಟು ಮಾಡಿಸಿ. ಫ್ಯಾನಿಗೆ ಟೈಮರ್ ಕೂರಿಸಿ, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಓಡಲಿ. ಬೆಳಗ್ಗೆ ಅಂಗಡಿ ತೆಗೆದಾಗ ಗೋಡೆ ಮುಟ್ಟಿ ನೋಡಿ. ತಣ್ಣಗಿದ್ದರೆ ಹನ್ನೊಂದು ಗಂಟೆಯವರೆಗೆ ರಿಮೋಟ್ ಮುಟ್ಟಬೇಡಿ.

ನಮಸ್ಕಾರ.