ಹೆದರಿದರೆ ಹೃದಯ ಎಲ್ಲಿಗೆ ಹೋಗುತ್ತದೆ?

ನಮಸ್ಕಾರ ಸ್ನೇಹಿತರೇ. ಇದು ಕಜಕಿಸ್ತಾನದ ಅಲ್ಮಾಟಿ. ಇಲ್ಲಿ ಬೀದಿಗೆ ಇಳಿದರೆ ಕಜಕ್, ರಷ್ಯನ್ ಎರಡೂ ಕಿವಿಗೆ ಬೀಳುತ್ತವೆ. ಅಂಗಡಿ ಬೋರ್ಡುಗಳಲ್ಲಿ ಎರಡಕ್ಕೂ ಅದೇ ಸಿರಿಲಿಕ್ ಲಿಪಿ. ಕಜಕ್ ಭಾಷೆಗೆ ಈ ಲಿಪಿ ಬಂದಿದ್ದು 1940ರಲ್ಲಿ. ಲಿಪಿ ಒಂದಾದರೂ, ಹೆದರಿಕೆಯಾದಾಗ ಒಂದು ಭಾಷೆ ಮೇಲಕ್ಕೆ ಹೋಗುತ್ತದೆ, ಇನ್ನೊಂದು ಕೆಳಕ್ಕೆ.

ಕಜಕ್ ಮಾತಾಡುವವರು ಬೆಚ್ಚಿಬಿದ್ದರೆ "ಜುರೆಗಿಮ್ ತಾಸ್ ತೊಬೆಮೆ ಶಿಕ್ತಿ" ಅನ್ನುತ್ತಾರೆ. ಹೃದಯ ನೆತ್ತಿಗೇರಿತು ಅಂತ. ರಷ್ಯನ್ನರದ್ದು ಪೂರ್ತಿ ಉಲ್ಟಾ: "ದುಶಾ ಉಶ್ಲಾ ವ್ ಪ್ಯಾತ್ಕಿ", ಆತ್ಮ ಹಿಮ್ಮಡಿಗೆ ಇಳಿಯಿತು. ಇಂಗ್ಲಿಷ್‌ನಲ್ಲಿ ಹೃದಯ ಬಾಯಿಗೆ ಬಂದು ನಿಲ್ಲುತ್ತದೆ. ನಮ್ಮ "ಜೀವ ಬಾಯಿಗೆ ಬಂತು" ಅದಕ್ಕೆ ಎಷ್ಟು ಹತ್ತಿರ, ಅಲ್ವಾ? ನನಗೆ ಮಾತ್ರ ಕಜಕ್‌ನದೇ ಜಾಸ್ತಿ ಇಷ್ಟ. ಗಾಬರಿಯಾದಾಗ ಎದೆಬಡಿತ ತಲೆಯೊಳಗೇ ಕೇಳಿಸುತ್ತದಲ್ಲ, ಅದನ್ನೇ ಹೇಳಿದ ಹಾಗಿದೆ.

ಮನಸ್ಸಿಗೆ ತುಂಬಾ ತಟ್ಟಿದ್ದು ಲಿವರ್‌ನ ಮಾತು. ಕಜಕ್‌ನಲ್ಲಿ "ಬಾವಿರ್" ಅಂದರೆ ಲಿವರ್. ತಮ್ಮನಿಗೂ, ಒಡಹುಟ್ಟಿದವರಿಗೂ ಅದೇ ಮಾತು. ಮಾರುಕಟ್ಟೆಯಲ್ಲಿ ಗುರುತಿಲ್ಲದ ಹುಡುಗನನ್ನೂ "ಬಾವಿರಿಮ್" ಅಂತ ಕರೆಯುತ್ತಾರೆ, ನಾವು "ತಮ್ಮಾ" ಅನ್ನುವಂತೆ. ಮಗು ಅಂದರೆ ಮನುಷ್ಯನ ಲಿವರ್‌ನ ಮಾಂಸ ಅಂತ ಒಂದು ಗಾದೆಯೇ ಇದೆ. ಇಂಗ್ಲಿಷ್‌ನವರು, ರಷ್ಯನ್ನರು ಇಲ್ಲಿ "ರಕ್ತಮಾಂಸ" ಅಂದು ನಿಲ್ಲಿಸುತ್ತಾರೆ. ಕಜಕರು ಇನ್ನೂ ಒಳಗೆ ಹೋಗಿ ಒಂದು ಅಂಗವನ್ನೇ ತೋರಿಸುತ್ತಾರೆ. ನಾವೂ ಹಾಗೇ. ನಮಗೆ ಮಗು ಕರುಳಿನ ಕುಡಿ. ಇಷ್ಟು ದೂರದ ಹುಲ್ಲುಗಾವಲಿನ ಜನ, ನಮ್ಮ ಭಾಷೆಗೂ ಅವರದಕ್ಕೂ ನಂಟಿಲ್ಲ. ಆದರೂ ತಾಯಿಯ ಪ್ರೀತಿಯನ್ನು ಇಬ್ಬರೂ ಹೊಟ್ಟೆಯೊಳಗೇ ಇಟ್ಟಿದ್ದಾರೆ. ಇದನ್ನು ಕೇಳಿ ನನಗೆ ತುಂಬಾ ಖುಷಿಯಾಯಿತು.

ರಷ್ಯನ್ನರ ಇನ್ನೊಂದು ಮಾತು ಹೇಳಲೇಬೇಕು. ಯಾರಾದರೂ ಸುಳ್ಳು ಹೇಳಿ ನಂಬಿಸಿದರೆ, ಕಿವಿಗೆ ನೂಡಲ್ಸ್ ನೇತುಹಾಕಿದರು ಅನ್ನುತ್ತಾರೆ! ನಾವು ಅದೇ ಕಿವಿ ಮೇಲೆ ಹೂವು ಇಡುತ್ತೇವೆ. ಇಂಗ್ಲಿಷ್‌ನವರು ಸುಮ್ನೆ ತಮಾಷೆಗೆ ಸುಳ್ಳು ಹೇಳಿದರೆ ಕಾಲು ಎಳೆಯುತ್ತಾರೆ.

ಊಟಕ್ಕೆ ಮುಂಚೆ ಒಂಚೂರು ತಿನ್ನುವುದಕ್ಕೆ ಕಜಕ್‌ನಲ್ಲಿ "ಜುರೆಕ್ ಜಲ್ಗಾವ್", ಹೃದಯಕ್ಕೆ ಗಂಟು ಹಾಕಿ ಜೋಡಿಸುವುದು. ರಷ್ಯನ್‌ನಲ್ಲಾದರೆ ಪುಟ್ಟ ಹುಳವನ್ನು ಸಾಯಿಸುವುದು. ನಿಮ್ಮ ಕಡೆ ಇದಕ್ಕೆ ಏನಂತೀರಿ, ಕಮೆಂಟ್‌ನಲ್ಲಿ ಬರೆಯಿರಿ. ಎದುರಿನ ಅಂಗಡಿಯಲ್ಲಿ ಬಿಸಿಬಿಸಿ ಬೌರ್ಸಾಕ್, ಅಂದರೆ ಹಿಟ್ಟಿನ ಉಂಡೆ, ಕರಿಯುತ್ತಿದ್ದಾರೆ, ಬನ್ನಿ ಹೋಗೋಣ.