ಮೊಣಕಾಲುದ್ದ ನೀರಲ್ಲಿ ತುಂಗಭದ್ರೆ

ಎಲ್ಲರಿಗೂ ನಮಸ್ಕಾರ. ಅರ್ಧ ಗಂಟೆ ಕೊಟ್ಟಿದ್ದಾರೆ. ಮೈಕ್ ಸರಿ ಮಾಡುವುದರಲ್ಲೇ ಒಂದಿಷ್ಟು ಹೋಯಿತು. ಹಾಗಾಗಿ ಪೀಠಿಕೆ ಬೇಡ.

ನಿಮ್ಮ ಬಳಗದ ಹುಡುಗರು ಫೋನ್ ಮಾಡಿ, "ಸಾರ್, ಬೇಸಿಗೆ ಹತ್ತಿರ ಬಂತು. ಕಾಡಿನ ಬೆಂಕಿ ಭಯಕ್ಕೆ ಚಾರಣದ ದಾರಿಗಳನ್ನು ಮುಚ್ಚುತ್ತಾರೆ. ಹೊಳೆ ಕಡೆ ಏನಾದರೂ ಮಾಡಬಹುದಾ?" ಎಂದು ಕೇಳಿದರು. ಆಮೇಲೆ ಅವರೇ, "ಆದರೆ ಹೊಳೆಯಲ್ಲಿ ನೀರೇ ಇರಲ್ವಲ್ಲ" ಎಂದೂ ಸೇರಿಸಿದರು. ನನ್ನ ತಕರಾರು ಇರುವುದೇ ಈ ಮಾತಿನ ಮೇಲೆ.

ನೀರು ಕಡಿಮೆ ಇದ್ದಾಗಲೇ ಹೋಗಬೇಕು. ಆಗಸ್ಟಿನಲ್ಲಿ ತುಂಗಭದ್ರೆ ಕೆಂಪಗೆ ದಡ ತುಂಬಿ ಬರುತ್ತಾಳೆ. ಆಗ ಸೇತುವೆ ಮೇಲೆ ನಿಂತು ಕೈ ಮುಗಿಯಬೇಕು, ಫೋಟೊ ತೆಗೆಯಬೇಕು, ಮನೆಗೆ ಹೋಗಬೇಕು. ಒಬ್ಬರೇ ದೋಣಿ ಇಳಿಸುವ ಕಾಲ ಅದಲ್ಲ. ಸಂಕ್ರಾಂತಿ ಆದ ಮೇಲೆ ನೋಡಿ. ನೀರು ತಿಳಿ. ತಳದ ಕಲ್ಲು, ಉಸುಕು, ಮೀನು ಎಲ್ಲ ಕಾಣುತ್ತವೆ. ಕೆಲವು ಕಡೆ ಮೊಣಕಾಲು, ಕೆಲವು ಕಡೆ ಸೊಂಟ, ನಡುವೆ ಎಲ್ಲೋ ಒಂದು ಮಡು.

ನಾನು ಹೊರಟದ್ದು ಕೂಡ್ಲಿಯಿಂದ. ತುಂಗೆ ಭದ್ರೆ ಸೇರುವ ಜಾಗ, ನಿಮಗೆ ಹೇಳಬೇಕಿಲ್ಲ. ಹೊನ್ನಾಳಿ, ಹರಿಹರ ದಾಟಿ ಮೈಲಾರ, ಗಳಗನಾಥದ ಕಡೆಗೆ. 531 ಕಿಲೋಮೀಟರ್ ಹರಿಯುವ ಹೊಳೆಯಲ್ಲಿ ಇದೊಂದು ತುಂಡು ಅಷ್ಟೇ. ಗಾಳಿ ತುಂಬುವ ಕಯಾಕ್, ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಸಣ್ಣ ದೋಣಿ, ಪುಟ್ಟ ಡೇರೆ, ಅಕ್ಕಿ, ಅವಲಕ್ಕಿ, ಕುಡಿಯುವ ನೀರಿನ ಕ್ಯಾನು. ಅಷ್ಟು ದೊಡ್ಡ ಹೊಳೆಗೆ ಕುಡಿಯುವ ನೀರು ಹೊತ್ತುಕೊಂಡು ಹೋಗಬೇಕಾಯಿತು. ನಗಬೇಡಿ, ನೀವೂ ಹೊರುತ್ತೀರಿ.

ಯಾಕೆ ಅಂದರೆ, ನಾವು ಹೊಳೆಯನ್ನು ಊರಿನ ಹಿತ್ತಿಲು ಮಾಡಿಕೊಂಡಿದ್ದೇವೆ. ರಸ್ತೆಯಿಂದ ಬಂದರೆ ಸ್ವಾಗತ ಕಮಾನು. ಹೊಳೆಯಿಂದ ಬಂದರೆ ಚರಂಡಿ, ಹರಿದ ಗೋಣಿಚೀಲ, ಗಾಜು ಒಡೆದ ದೇವರ ಪಟ, ಹೋದ ವರ್ಷದ ಗಣಪತಿಯ ಕಬ್ಬಿಣದ ಸರಳು. ಹಿಂದಿನವರು ಹೀಗಿರಲಿಲ್ಲ. ಚೌಡದಾನಪುರದ ಮುಕ್ತೇಶ್ವರ ಹೊಳೆ ದಡದಲ್ಲೇ ಇದ್ದಾನೆ. ವರದೆ ಬಂದು ಸೇರುವಲ್ಲಿ ಗಳಗೇಶ್ವರ ಇದ್ದಾನೆ. ಒಳ್ಳೆಯ ಜಾಗ ಅಂದರೆ ಅವರಿಗೆ ಹೊಳೆ ದಡ. ನಮಗೆ ಬೈಪಾಸ್ ರಸ್ತೆ.

ಇರಲಿ, ದೋಣಿಗೆ ಬರೋಣ. ಆಳವಿಲ್ಲದ ನೀರಲ್ಲಿ ತೋಳಿಗಿಂತ ಕಣ್ಣಿಗೆ ಕೆಲಸ ಜಾಸ್ತಿ. ಎರಡು ಬಂಡೆಗಳ ನಡುವೆ ನೀರು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕೂಡಿಕೊಂಡು, ಅದರ ಮೊನೆ ಕೆಳದಿಕ್ಕಿಗೆ ಇದ್ದರೆ ಅದು ದಾರಿ. ಮೊನೆ ನಿಮ್ಮ ಕಡೆಗೆ ಇದ್ದರೆ ಅಲ್ಲಿ ನೀರಿನಡಿ ಕಲ್ಲು ಕೂತಿದೆ. ಹೊಳೆ ತಿರುಗುವಲ್ಲಿ ಹೊರಬದಿಗೆ ಆಳ, ಒಳಬದಿಗೆ ಉಸುಕು. ದೂರ ಕಡಿಮೆ ಅಂತ ಒಳಬದಿ ಹಿಡಿದರೆ ಇಳಿದು ಎಳೆಯಬೇಕು. ಕಯಾಕಿನ ಅಡಿಗೆ ರೆಕ್ಕೆ ಇದ್ದರೆ ಬಿಚ್ಚಿಡಿ. ಹುಟ್ಟನ್ನು ನೆಟ್ಟಗೆ ಅದ್ದಬೇಡಿ, ಓರೆಯಾಗಿ ನೀರಿನ ಮೇಲ್ಪದರದಲ್ಲೇ ಎಳೆಯಿರಿ. ಎಷ್ಟು ಜಾಣತನ ಮಾಡಿದರೂ ಇಳಿದು ಎಳೆಯುವುದು ತಪ್ಪುವುದಿಲ್ಲ. ಅದಕ್ಕೆ ನಾಚಿಕೆ ಯಾಕೆ? ಹಗ್ಗ ಹಿಡಿದು ದೋಣಿಯನ್ನು ಎಮ್ಮೆ ಹಾಗೆ ಎಳೆದುಕೊಂಡು ಹೋಗುವಾಗಲೇ ಹೊಳೆಯ ತಳ ಕಾಲಿಗೆ ಪರಿಚಯವಾಗುವುದು.

ಹರಿಹರದಿಂದ ಕೆಳಗೆ, ರಾಣೆಬೆನ್ನೂರಿನ ಕಡೆಯ ದಡದಲ್ಲಿ, ಒಂದು ಸಂಜೆ ನಾಲ್ಕೈದು ಜನ ಮೀನುಗಾರರು ಬಲೆ ಬಿಡಿಸುತ್ತಾ ಕೂತಿದ್ದರು. ನನ್ನ ಕೇಸರಿ ಬಣ್ಣದ ಕಯಾಕ್ ನೋಡಿ ಎಲ್ಲರೂ ಎದ್ದು ನಿಂತರು.

"ಯಾವ ಇಲಾಖೆಯವ್ರು ರೀ ನೀವು?"

"ಯಾವ ಇಲಾಖೆನೂ ಅಲ್ಲ, ಸುಮ್ನೆ ಬಂದೆ" ಎಂದೆ.

"ಸುಮ್ನ ಯಾರು ಬರ್ತಾರ್ರೀ?"

ಅವರ ಅನುಮಾನ ಅರ್ಥವಾಗುವಂಥದ್ದು. ಕದ್ದು ಉಸುಕು ತೆಗೆಯುವ ಹೊಳೆಯಲ್ಲಿ ಅಪರಿಚಿತ ಎಂದರೆ ಒಂದೋ ಸರ್ಕಾರದವನು, ಇಲ್ಲವೋ ಸರ್ಕಾರಕ್ಕೆ ಸುದ್ದಿ ಕೊಡುವವನು. ಕೊನೆಗೆ ಒಬ್ಬ ಅಜ್ಜ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಮನ್ಯಾಗ ಜಗಳಾ ಮಾಡ್ಕೊಂಡು ಬಂದೀಯೇನಪಾ?" ಇಲ್ಲ ಎಂದರೂ ಅವರು ನಂಬಲಿಲ್ಲ. "ಆಗತೈತಿ, ಎಲ್ಲಾರ ಮನ್ಯಾಗೂ ಆಗತೈತಿ" ಎಂದು ಸಮಾಧಾನ ಮಾಡಿದರು.

ಆಮೇಲೆ ಕಯಾಕನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಮುಳ್ಳು ನಟ್ರ?" ನಾನು ತೇಪೆ, ಅಂಟು ತೆಗೆದು ತೋರಿಸಿದೆ. "ಪಂಚರ್ ಅಂಗಡೀನೂ ಹೊತ್ಕೊಂಡು ಬಂದಾನ ನೋಡ್ರೋ!" ಎಂದರು. ಅಷ್ಟೂ ಜನ ನಕ್ಕರು. ನಕ್ಕ ಮೇಲೆ ಅನುಮಾನ ಹೋಯಿತು.

ಅಜ್ಜನ ಹರಿಗೋಲಿಗೆ ನನ್ನನ್ನು ಹತ್ತಿಸಿದರು. ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿದದ್ದು. ಹಿಂದೆ ಚರ್ಮ ಹೊದಿಸುತ್ತಿದ್ದರು. ಅಡಿ ಚಪ್ಪಟೆ, ಗೇಣು ನೀರಿದ್ದರೆ ತೇಲುತ್ತದೆ. ನನ್ನ ಕಯಾಕ್ ತಳ ಉಜ್ಜುವ ಕಡೆ ಅದು ಹಾಯಾಗಿ ಹೋಗುತ್ತಿತ್ತು. ಹುಟ್ಟು ನನ್ನ ಕೈಗೆ ಕೊಟ್ಟರು. ಗರಗರ ತಿರುಗಿತು, ಒಂದು ಮಾರು ಮುಂದೆ ಹೋಗಲಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪೇಯಸ್ ಕೂಡ ಇದನ್ನೇ ಬರೆದಿಟ್ಟಿದ್ದಾನೆ. ಬುಟ್ಟಿಯಂಥ ದುಂಡು ದೋಣಿ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರಬಹುದು, ಯಾವಾಗಲೂ ತಿರುಗುತ್ತಲೇ ಸಾಗುತ್ತದೆ ಅಂತ. ಅದೇ ಹೊಳೆ, ಅದೇ ದೋಣಿ.

ಡೇರೆ ಎಲ್ಲಿ ಹಾಕಲಿ ಎಂದು ಕೇಳಿದೆ. ನೀರಿನ ಪಕ್ಕ ನುಣ್ಣನೆಯ ಉಸುಕು ಹಾಸಿಗೆ ಹಾಗೆ ಇತ್ತು. ಅಜ್ಜ ಬೇಡ ಎಂದು ಮೇಲಿನ ಜಾಲಿ ಮರದ ಹತ್ತಿರ ತೋರಿಸಿದರು. "ಮೈಲಾರದ ಜಾತ್ರಿ ಐತಿ, ಭದ್ರಾ ಡ್ಯಾಮಿಂದ ನೀರು ಬಿಟ್ಟಾರ." ಭರತ ಹುಣ್ಣಿಮೆಯ ಹೊತ್ತಿಗೆ ಜಾತ್ರೆಗೆ ಬರುವ ಲಕ್ಷಾಂತರ ಜನರಿಗಾಗಿ ಆ ಡ್ಯಾಮ್ ಇರುವ ಲಕ್ಕವಳ್ಳಿಯಿಂದ ಹೊಳೆಗೆ ನೀರು ಬಿಡುವುದುಂಟು. ಬೆಳಿಗ್ಗೆ ನೋಡಿದರೆ ಆ ಉಸುಕು ಹಾಸಿಗೆ ನೀರಿನಡಿ. ಮಳೆಯಿಲ್ಲ, ಮೋಡವಿಲ್ಲ, ಹೊಳೆ ಏರಿದೆ. ಇದು ನನ್ನ ಫೋನಿನ ಯಾವ ನಕ್ಷೆಯಲ್ಲೂ ಇರಲಿಲ್ಲ. ಅಜ್ಜನಿಗೆ ಗೊತ್ತಿತ್ತು. ಯಾಕೆಂದರೆ ಅವರಿಗೆ ಹೊಳೆ ಇನ್ನೂ ಅಂಗಳ. ನೋಡಿ, ಮತ್ತೆ ಅಲ್ಲಿಗೇ ಬಂದೆ. ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನ ಗದ್ದುಗೆ ಚೌಡದಾನಪುರದಲ್ಲೇ ಇದೆ. ದೋಣಿ ನಡೆಸುತ್ತಾ ಊರನ್ನು ನೀರಿನ ಕಡೆಯಿಂದ ನೋಡಿದವನು. ಅವನ ನಾಲಿಗೆ ಅಷ್ಟು ಖಾರ ಯಾಕಾಯಿತು ಎಂದು ನನಗೆ ಆ ದಿನಗಳಲ್ಲಿ ಚೆನ್ನಾಗಿ ಗೊತ್ತಾಯಿತು.

ಚೀಟಿ ಬಂತು. ಐದು ನಿಮಿಷವಂತೆ. ಅಡುಗೆ, ಹಾವು, ಬ್ಯಾಟರಿ ಎಂದೆಲ್ಲ ಬರೆದುಕೊಂಡು ಬಂದಿದ್ದೆ. ಅದೆಲ್ಲ ಬಿಡಿ, ಜೀವಕ್ಕೆ ಸಂಬಂಧಪಟ್ಟದ್ದು ಮಾತ್ರ ಹೇಳುತ್ತೇನೆ.

ಉಸುಕು ತೆಗೆದ ಗುಂಡಿಗಳು. ಮೊಣಕಾಲುದ್ದ ನೀರಲ್ಲಿ ನಡೆಯುತ್ತಿರುತ್ತೀರಿ, ಮುಂದಿನ ಹೆಜ್ಜೆಗೆ ನೆಲ ಸಿಗುವುದಿಲ್ಲ. ಹುಟ್ಟಿನಿಂದ ತಳ ಚುಚ್ಚಿ ನೋಡುತ್ತಾ ಹೋಗಿ. ದೋಣಿ ಕೈಬಿಡಬೇಡಿ. ನೀರು ಕಡಿಮೆ ಅಂತ ಲೈಫ್ ಜಾಕೆಟ್ ಬಿಚ್ಚಬೇಡಿ.

ಒಡ್ಡು, ಬ್ಯಾರೇಜು. ಎಷ್ಟೇ ಗಿಡ್ಡ ಇದ್ದರೂ ಮೇಲಿಂದ ಹಾರಿಸಬೇಡಿ. ಬುಡದಲ್ಲಿ ನೀರು ತಿರುಗಿ ತಿರುಗಿ ಒಳಕ್ಕೆ ಎಳೆಯುತ್ತದೆ. ಮೊದಲೇ ದಡಕ್ಕೆ ಬಂದು ಹೊತ್ತುಕೊಂಡು ದಾಟಿ. ನೈಲಾನ್ ಬಲೆ ಕಂಡರೆ ಕತ್ತರಿಸಬೇಡಿ, ಅದು ಯಾರದೋ ಊಟ.

ಮೊಸಳೆ ಇದೆಯಾ ಅಂತ ಇಲ್ಲಿ ಯಾರೋ ಪಿಸುಗುಟ್ಟಿದರು. ಈ ಹೊಳೆಯಲ್ಲಿ ಇದೆ. ಎಲ್ಲಿ ಕಾಣಿಸಿತ್ತು ಎಂದು ಪ್ರತಿ ಊರಲ್ಲೂ ಕೇಳಿಕೊಂಡೇ ಮುಂದೆ ಹೋಗಬೇಕು. ತುಂಗಭದ್ರಾ ಅಣೆಕಟ್ಟಿನ ಕೆಳಗೆ, ಮುದ್ಲಾಪುರದಿಂದ ಕಂಪ್ಲಿವರೆಗೆ, ನೀರುನಾಯಿ ಸಂರಕ್ಷಿತ ಪ್ರದೇಶ. 2015ರಲ್ಲಿ ಘೋಷಿಸಿದ್ದು. ಅಲ್ಲಿ ಅರಣ್ಯ ಇಲಾಖೆ ಕೇಳದೆ ಡೇರೆ ಯೋಚನೆ ಬೇಡ.

ಇನ್ನೊಂದು. ರಾತ್ರಿ ನೀರಂಚಿಗೆ ಒಂದು ಕಡ್ಡಿ ನೆಟ್ಟು ಮಲಗಿ. ಎಚ್ಚರವಾದಾಗ ಟಾರ್ಚ್ ಹಾಕಿ ನೋಡಿ. ಕಡ್ಡಿ ನೀರೊಳಗೆ ಹೋಗಿದ್ದರೆ ಮೇಲಕ್ಕೆ ಹೋಗಿ. ಒಬ್ಬರೇ ಹೋಗುವುದಾದರೆ ಮುಂದಿನ ಊರು ಯಾವುದು ಎಂದು ಹಿಂದಿನ ಊರಿನವರಿಗೆ ಹೇಳಿಯೇ ಹೊರಡಿ. ಮನೆಯಲ್ಲೂ ಹೇಳಿ, ಜಗಳ ಆಗಿದ್ದರೂ ಹೇಳಿ.

ಕಯಾಕಿನ ಬೆಲೆ, ಬಾಡಿಗೆ ಇವೆಲ್ಲ ಚಹಾ ಹೊತ್ತಿಗೆ ಕೇಳಿ. ಹಿಂದಿನ ಸಾಲಿನವರು ಆಗಲೇ ಎದ್ದಿದ್ದಾರೆ.