ಏಳು ದಿನ ತಡವಾದ ಪಟ್ಟ

ಕೇಳುಗರಿಗೆ ನಮಸ್ಕಾರ. ಬೈಜಾಂಟಿಯಂ ಸಾಮ್ರಾಜ್ಯದ ಐರೀನ್ ದೂಕೈನಾ ಎಂಬ ಹುಡುಗಿಯ ಮದುವೆಯ ಕತೆ ಹೇಳುತ್ತೇನೆ, ಕೇಳಿ. ಊರು ಅದರ ರಾಜಧಾನಿ ಕಾನ್‌ಸ್ಟಾಂಟಿನೋಪಲ್, ಈಗಿನ ಇಸ್ತಾಂಬುಲ್. 1078ರ ಹೊತ್ತಿಗೆ ಅವಳನ್ನು ಅಲೆಕ್ಸಿಯೋಸ್ ಕೊಮ್ನೆನೋಸ್ ಎಂಬ ಸೇನಾಪತಿಗೆ ಕೊಟ್ಟರು. ಅವಳಿಗಾಗ ಹನ್ನೆರಡರ ಆಸುಪಾಸು.

ಅವನದು ಕೊಮ್ನೆನೋಸ್ ಮನೆ, ಅವಳದು ದೂಕಾಸ್ ಮನೆ. ಎರಡು ಮನೆಗಳಿಗೂ ಹಳೇ ಜಿದ್ದು. 1059ರಲ್ಲಿ ಕೊಮ್ನೆನೋಸ್ ಮನೆಯ ಚಕ್ರವರ್ತಿ ಐಸಾಕ್ ಕಾಯಿಲೆಬಿದ್ದು ಪಟ್ಟ ಬಿಟ್ಟ. ತಮ್ಮ ಜಾನ್ ತನಗೂ ಬೇಡ ಎಂದ. ಸಿಂಹಾಸನ ದೂಕಾಸ್ ಮನೆಯವರ ಪಾಲಾಯಿತು. ಆ ತಮ್ಮನ ಹೆಂಡತಿ ಅನ್ನಾ ದಲಸ್ಸೇನಿ ಇದನ್ನು ಯಾವತ್ತೂ ಮರೆಯಲಿಲ್ಲ. ಮುಂದೆ ದೂಕಾಸರ ಆಳ್ವಿಕೆಯಲ್ಲಿ ಅವಳನ್ನು ದ್ವೀಪವೊಂದಕ್ಕೆ ಗಡೀಪಾರು ಬೇರೆ ಮಾಡಿದರು. ಅಲೆಕ್ಸಿಯೋಸ್ ಅವಳದೇ ಮಗ. ಅಂಥ ಅತ್ತೆಯ ಮನೆಗೆ ದೂಕಾಸರ ಹುಡುಗಿ ಸೊಸೆಯಾಗಿ ಬಂದಳು ಅಂದರೆ ಹೇಗಿರಬೇಡ, ಯೋಚಿಸಿ!

ಹಾಗಾದರೆ ಮದುವೆ ಯಾಕಾಯಿತು? 1071ರಿಂದ ಹತ್ತು ವರ್ಷದಲ್ಲಿ ಸಿಂಹಾಸನ ಮೂರು ಸಲ ಕೈ ಬದಲಾಯಿಸಿತು. ಅಂಥ ಕಾಲದಲ್ಲಿ ದೂಕಾಸರಿಗೆ ಒಬ್ಬ ಗಟ್ಟಿ ಸೇನಾಪತಿ ಬೇಕಿತ್ತು, ಅಲೆಕ್ಸಿಯೋಸನಿಗೆ ಅವರ ಹಣ ಮತ್ತು ಹೆಸರಿನ ಬಲ ಬೇಕಿತ್ತು. ಹುಡುಗಿಯ ತಾಯಿ ಮರಿಯಾ ಪಟ್ಟುಹಿಡಿದು ಸಂಬಂಧ ಕುದುರಿಸಿದಳು.

1081ರ ಏಪ್ರಿಲ್‌ನಲ್ಲಿ ಅಲೆಕ್ಸಿಯೋಸ್ ದೂಕಾಸರ ನೆರವಿನಿಂದಲೇ ರಾಜಧಾನಿಯನ್ನು ಹಿಡಿದ. ಈಸ್ಟರ್ ದಿನ ಪಟ್ಟವೂ ಆಯಿತು. ಆದರೆ ಅವನೊಬ್ಬನಿಗೆ ಮಾತ್ರ.

ನನ್ನನ್ನು ಜಾಸ್ತಿ ಕಾಡುವುದು ಅದರ ನಂತರದ ದಿನಗಳು. ಐರೀನ್‌ಗೆ ಇನ್ನೂ 15 ತುಂಬಿರಲಿಲ್ಲ. ತಾಯಿ, ತಂಗಿಯರು, ಅಜ್ಜನ ಜೊತೆ ಅವಳು ಕೆಳಗಿನ ಅರಮನೆಯಲ್ಲಿ. ಗಂಡ ತನ್ನ ತಾಯಿ, ಅಣ್ಣತಮ್ಮಂದಿರ ಜೊತೆ ಮೇಲಿನ ಅರಮನೆಯಲ್ಲಿ. ಹಿಂದಿನ ಇಬ್ಬರು ಚಕ್ರವರ್ತಿಗಳನ್ನು ಮದುವೆಯಾಗಿದ್ದ ಅಲಾನಿಯಾದ ಮರಿಯಾ ಕೂಡ ಇನ್ನೂ ಅರಮನೆ ಬಿಟ್ಟಿರಲಿಲ್ಲ. ಅಲೆಕ್ಸಿಯೋಸ್ ಐರೀನ್‌ಳನ್ನು ಬಿಟ್ಟು ಅವಳನ್ನೇ ಕಟ್ಟಿಕೊಳ್ಳುತ್ತಾನೆ ಅಂತ ಊರೆಲ್ಲ ಗುಸುಗುಸು. ಆ ಮಾತು ಈ ಹುಡುಗಿಯ ಕಿವಿಗೂ ಬಿದ್ದಿರುತ್ತದೆ, ಅಲ್ವಾ?

ಅವಳ ಪರ ನಿಂತವರೂ ಇದ್ದರು. ಅಲೆಕ್ಸಿಯೋಸನ ಷಡ್ಡಕ ಜಾರ್ಜ್ ಪಲಿಯೊಲೊಗೋಸ್ ನೌಕಾಪಡೆಯವರಿಂದ ಇಬ್ಬರ ಹೆಸರಿಗೂ ಜಯಕಾರ ಹಾಕಿಸಿದ. ಐರೀನ್ ಹೆಸರು ಬೇಡ ಅಂದವರಿಗೆ, ನಾನು ಇಷ್ಟೆಲ್ಲ ಹೋರಾಡಿದ್ದು ಅವಳಿಗೋಸ್ಕರ, ನಿಮಗೋಸ್ಕರ ಅಲ್ಲ ಅಂತ ಮುಖಕ್ಕೆ ಹೇಳಿಬಿಟ್ಟ. ಇನ್ನೊಂದು ಕಡೆ, ಧರ್ಮಪೀಠದಿಂದ ಅಲ್ಲಿನ ಚರ್ಚಿನ ಮುಖ್ಯ ಗುರು, ಮುದಿ ಪೇಟ್ರಿಯಾರ್ಕ್ ಕೊಸ್ಮಾಸ್‌ನನ್ನು ಇಳಿಸಬೇಕು ಅಂತ ಅತ್ತೆ ಹಟ ಹಿಡಿದಿದ್ದಳು. ನನ್ನ ಕೈಯಾರೆ ಐರೀನ್‌ಗೆ ಕಿರೀಟ ಇಡುವ ತನಕ ನಾನು ಇಳಿಯುವುದಿಲ್ಲ ಎಂದ ಆತ. ಏಳನೇ ದಿನ ಅವಳ ತಲೆಗೆ ಕಿರೀಟ ಬಂತು. ಮರುತಿಂಗಳು ಆತ ಪೀಠ ಬಿಟ್ಟ.

ಅದೇ ಆಗಸ್ಟ್‌ನಲ್ಲಿ ಅಲೆಕ್ಸಿಯೋಸ್ ಯುದ್ಧಕ್ಕೆ ಹೊರಡುವಾಗ ಆಡಳಿತವನ್ನು ಬರವಣಿಗೆಯಲ್ಲೇ ತಾಯಿಗೆ ಒಪ್ಪಿಸಿದ. ಐರೀನ್ ಹೆಸರಿಗೆ ಮಹಾರಾಣಿ, ಅಷ್ಟೆ.

ಆದರೂ ಈ ಸಂಸಾರ ಮುರಿಯಲಿಲ್ಲ. 1083ರ ಡಿಸೆಂಬರ್ ಸಮೀಪಿಸಿದಾಗ ಅವಳಿಗೆ ಚೊಚ್ಚಲ ಹೆರಿಗೆನೋವು ಶುರುವಾಯಿತು. ಗಂಡ ನಾರ್ಮನ್ನರ ಮೇಲಿನ ಯುದ್ಧದಿಂದ ಇನ್ನೂ ಬಂದಿರಲಿಲ್ಲ. ಅವಳು ಹೊಟ್ಟೆಯ ಮೇಲೆ ಶಿಲುಬೆಯ ಗುರುತು ಹಾಕಿ, ತಡಿ ಕಂದಾ, ನಿಮ್ಮಪ್ಪ ಬರಲಿ, ಅಂದಳು. ಪಕ್ಕದಲ್ಲಿದ್ದ ತಾಯಿ ಮರಿಯಾ ಸಿಟ್ಟಿನಿಂದ ಗದರಿದಳು: ಅವನು ಇನ್ನೊಂದು ತಿಂಗಳು ಬಿಟ್ಟು ಬಂದರೆ? ಅಲ್ಲೀತನಕ ಈ ನೋವು ಹೇಗೆ ತಡೆಯುತ್ತೀಯೇ?

ಅಲೆಕ್ಸಿಯೋಸ್ ಬಂದ. ಶನಿವಾರ ಬೆಳಗಿನ ಜಾವ ಹೆಣ್ಣುಮಗು ಹುಟ್ಟಿತು. ಅತ್ತೆಯ ಹೆಸರನ್ನೇ ಇಟ್ಟರು, ಅನ್ನಾ. ಇದೆಲ್ಲ ನಮಗೆ ಗೊತ್ತಾಗಿರುವುದು ಆ ಮಗು ದೊಡ್ಡವಳಾಗಿ ಅಪ್ಪನ ಆಳ್ವಿಕೆಯ ಇತಿಹಾಸ ಬರೆಯುತ್ತಾ, ಅಮ್ಮ ಅಂದ ಆ ಮಾತನ್ನೂ ಬರೆದಿಟ್ಟಿದ್ದರಿಂದ.